ದಮ್ಮು ಹತ್ತಿದ ಗಿಟಾರು

ರಾಳ ಕರಗುವ ವಾಸನೆ ಮೂಗಿಗೆ ಬಿದ್ದರೆ ನನ್ನ ಕಾಲು ಇವತ್ತಿಗೂ ಮುಂದೆ ಸಾಗುವುದಿಲ್ಲ. ಮೊನ್ನೆ ಮಹಾರಾಷ್ಟ್ರದ ಗಡಿಯ ನಮ್ಮೂರು ಉಮರ್ಗಾದ ಬಸ್‌ಸ್ಟ್ಯಾಂಡಿನ ಎದುರಿಗೆ, ಮೊಬೈಲ್ ರಿಪೇರಿಯ ಗೂಡಂಗಡಿಯೊಂದರ ಮುಂದೆ, ಹಾಗೇ ನಿಂತುಬಿಟ್ಟೆ. ಒಳಗೆ ಕೂತ ಹುಡುಗ ಬೆಸುಗೆ ಹಾಕುವ ಕಾದ ಕಡ್ಡಿಯನ್ನು ರಾಳದ ಹರಳಿಗೆ ಮುಟ್ಟಿಸಿದ. ಬಿಳಿ ಹೊಗೆಯ ಎಳೆಯೊಂದು ಎದ್ದು, ಹೈವೇಯ ಡೀಸೆಲ್ ವಾಸನೆಯ ನಡುವೆಯೂ ದಾರಿ ಮಾಡಿಕೊಂಡು ನನ್ನವರೆಗೆ ಬಂತು. ಅರ್ಧ ದೇವರ ಜಗುಲಿಯ ಧೂಪ, ಅರ್ಧ ಸುಟ್ಟ ಧೂಳು. ‘ಏನು ಬೇಕು ಕಾಕಾ’ ಎಂದು ಹುಡುಗ ಮರಾಠಿಯಲ್ಲಿ ಕೇಳಿದ. ಏನು ಬೇಕು ಎಂದು ಹೇಳಲಿ? ನೀವೂ ಹೀಗೆ ಯಾವುದೋ ಅಂಗಡಿಯ ಮುಂದೆ ಕಾರಣವಿಲ್ಲದೆ ನಿಂತವರಾದರೆ ನಿಮಗೆ ಗೊತ್ತಿರುತ್ತದೆ, ನಮಗೆ ಬೇಕಾದದ್ದು ಆ ಅಂಗಡಿಯಲ್ಲಿ ಇರುವುದಿಲ್ಲ. ಏನೂ ಬೇಡಪ್ಪ ಎಂದು ಒಂದು ಚಾರ್ಜರ್ ಕೊಂಡು ಬಂದೆ. ಮನೆಯಲ್ಲಿ ಅಂಥವು ಮೂರು ಇದ್ದಾವೆ.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಇಲ್ಲಿ ಹೇಳಹೊರಟಿರುವ ಸಂಗತಿಯಲ್ಲಿ ಎಲ್ಲರಿಗಿಂತ ದೊಡ್ಡ ದಡ್ಡ ನಾನೇ. ನಮ್ಮ ಚಂದೂಕಾಕಾ, ಅಂದರೆ ನಮ್ಮಪ್ಪನ ಕಿರಿಯ ತಮ್ಮ, ವರ್ಷವಿಡೀ ಹುಡುಕಿದ ಉತ್ತರ ನನ್ನ ಬಾಯೊಳಗೇ ಇತ್ತು. ದಿನಾ ಅದನ್ನು ಎಲ್ಲರೆದುರು ಹೊರತೆಗೆದು, ನಗಿಸಿ, ಚಪ್ಪಾಳೆ ಗಿಟ್ಟಿಸಿ, ಮತ್ತೆ ಒಳಗಿಟ್ಟುಕೊಳ್ಳುತ್ತಿದ್ದೆ. ನಾನು ಹುಟ್ಟಾ ಅಣಕುಗಾರ. ಮಾಲಿಗೆ ದರ ಕೂಗುವ ಮೊದಲು ಅಪ್ಪ ಗಂಟಲು ಸರಿಮಾಡಿಕೊಳ್ಳುವುದನ್ನು, ಲೋಹಾರಾ ಬಸ್ಸಿನ ಕಂಡಕ್ಟರ್ ಮೂಗಿನಿಂದ ಸೀಟಿ ಊದಿದಂತೆ ಮಾತಾಡುವುದನ್ನು, ಅವ್ವ ಸಿಟ್ಟಿನಲ್ಲಿ ಹಂಚಿನ ಮೇಲೆ ರೊಟ್ಟಿ ತಟ್ಟಿ ಹಾಕುವುದನ್ನು, ಎಲ್ಲವನ್ನೂ ಮಾಡುತ್ತಿದ್ದೆ. ಬೇರೆಯವರು ಮನೆಯಲ್ಲಿಲ್ಲದ ದಿನ ನನ್ನನ್ನೇ ಹಿಡಿದುಕೊಳ್ಳುತ್ತಿದ್ದೆ: ಮಾಸ್ತರರ ಮುಂದೆ ಹದಿಮೂರರ ಮಗ್ಗಿಯಲ್ಲಿ ಸಿಕ್ಕಿಹಾಕಿಕೊಂಡು, ಅಂಗಿಯ ತುದಿ ಕಚ್ಚುವ ಬಾಬ್ಯಾ. ಅದಕ್ಕೇ ಹೆಚ್ಚು ನಗು ಬರುತ್ತಿತ್ತು. ಬರದ ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಕೊರತೆಯಿಲ್ಲದೆ ಸಿಗುತ್ತಿದ್ದ ಪದಾರ್ಥ ನನ್ನ ಬಾಯೊಂದೇ ಎಂದು ಅವ್ವ ಹೇಳುತ್ತಿದ್ದಳು.

ಮನೆ ಹೈವೇಯಿಂದ ಎರಡು ಗಲ್ಲಿ ಒಳಗಿತ್ತು. ಮುಂದಿನ ಭಾಗದಲ್ಲಿ ಮುತ್ಯಾ, ನಮ್ಮ ಅಜ್ಜ, ಕಟ್ಟಿದ, ರೈತರ ಕಾಳುಕಡಿ ತೂಗಿ ಮಾರಿಕೊಡುವ ಅಡತಿ ಅಂಗಡಿ. ನಡುವೆ ಕಲ್ಲು ಹಾಸಿದ ಅಂಗಳ. ಹಿಂದೆ ಅಡುಗೆಮನೆ, ಅದರ ಪಕ್ಕ ಬಾವಿ. ಅಂಗಡಿಯಲ್ಲಿ ಮರಾಠಿ, ಅಂಗಳದಲ್ಲಿ ಕನ್ನಡ, ಕೂಲಿ ಹಮಾಲರೊಂದಿಗೆ ಎರಡೂ ಕೂಡಿದ ಉರ್ದು. ಹೊಸ್ತಿಲು ದಾಟುವಾಗ ನಮ್ಮ ಬಾಯಿ ತಾನೇ ಹೊರಳುತ್ತಿತ್ತು. ಮುತ್ಯಾನ ಹಣೆಯ ಮೇಲೆ ಮೂರು ಗೆರೆ ವಿಭೂತಿ, ಕೊರಳಲ್ಲಿ ಇಷ್ಟಲಿಂಗದ ಕರಡಿಗೆ, ಕೈಬೆರಳ ಸಂದಿಯಲ್ಲಿ ಯಾವಾಗಲೂ ಒಂದು ಕಾಳು ಜೋಳ. ಹಲ್ಲಿಗೆ ಒತ್ತಿ ನೋಡಿಯೇ ಅದು ಯಾವ ಊರಿನ ಕಡೆಯ ಜೋಳ ಎನ್ನುತ್ತಿದ್ದ, ಆಮೇಲೆ ತಪ್ಪಾಗಿದ್ದರೂ ಯಾರೂ ತಿದ್ದುತ್ತಿರಲಿಲ್ಲ. ಅಜ್ಜಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಆಯಿ ಮಾತು ಕಡಿಮೆ. ಆಡಿದರೆ ಆ ವಿಷಯದಲ್ಲಿ ಮತ್ತೆ ಯಾರೂ ಆಡುವಂತಿರುತ್ತಿರಲಿಲ್ಲ. ನಾನು ಅಣಕಿಸಲು ಹೋಗಿ ಸೋತದ್ದು ಆಕೆಯೊಬ್ಬಳನ್ನೇ. ಸುಮ್ಮನಿರುವುದನ್ನು ಅಣಕಿಸುವುದು ಹೇಗೆ?

ಚಂದೂಕಾಕಾನಿಗೆ ಅಡತಿಯಲ್ಲಿ ಮನಸ್ಸಿರಲಿಲ್ಲ. ಅವನ ಮನಸ್ಸು ಒಂದು ಗಿಟಾರಿನಲ್ಲಿತ್ತು. ನೀವೀಗ ಎಲ್ಲೆಡೆ ನೋಡುವ, ಹುಡುಗರು ಕೊರಳಿಗೆ ನೇತುಹಾಕಿಕೊಂಡು ಕುಣಿಯುವ ಗಿಟಾರಲ್ಲ. ಇದನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು, ಎಡಗೈಯಲ್ಲಿ ಉಕ್ಕಿನ ತುಂಡೊಂದನ್ನು ತಂತಿಗಳ ಮೇಲೆ ಜಾರಿಸುತ್ತ ಬಾರಿಸಬೇಕು. ಆಗ ಮದುವೆಯ ಆರ್ಕೆಸ್ಟ್ರಾಗಳಲ್ಲಿ ಅದಕ್ಕೆ ಭಾರಿ ಮಾನ. “ಕೂಸಿಗಿ ಎಣ್ಣಿ ತಿಕ್ಕಿದಂಗ ಕಾಣ್ತದ ನೋಡಪ್ಪಾ,” ಎಂದು ಮುತ್ಯಾ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದ, “ಹಡದಾಕಿ ಮಾತ್ರ ಎಲ್ಲಿ ಅದಾಳೋ ಗೊತ್ತಿಲ್ಲ.” ಬರದ ಎರಡನೇ ವರ್ಷ ಕಾಕಾ ಸೊಲ್ಲಾಪುರಕ್ಕೆ ಹೋದವನು, ಹಾಡುವುದನ್ನೇ ಬಿಟ್ಟಿದ್ದ ಯಾರದೋ ಮನೆಯಿಂದ ಒಂದು ಹಳೆಯ ಆಂಪ್ಲಿಫೈಯರ್ ಹೊತ್ತು ತಂದ. ಬಾರಿಸಿ ನೋಡದೇ ತಂದಿದ್ದ. ಎರಡನೇ ಮಾತಾಡಿದರೆ ಕೊಡಲಾರರು ಎಂಬ ಹೆದರಿಕೆ. ಸಾಗವಾನಿ ಕಟ್ಟಿಗೆಯ ಪೆಟ್ಟಿಗೆ, ಮುಂದೆ ಮಾಸಿದ ಬಟ್ಟೆ ಹೊದ್ದ ಸ್ಪೀಕರು, ಹಿಂದೆ ತೆರೆದ ಬೆನ್ನಿನೊಳಗೆ ಸಾಲಾಗಿ ಗಾಜಿನ ವಾಲ್ವುಗಳು. ಸ್ವಿಚ್ ಹಾಕಿದರೆ ಅವು ಒಮ್ಮೆಲೇ ಹತ್ತುತ್ತಿರಲಿಲ್ಲ. ಒಲೆಯ ಕೆಂಡ ಊದಿದ ಹಾಗೆ ಮೆಲ್ಲಗೆ ಕೆಂಪಾಗುತ್ತಿದ್ದವು, ಅವುಗಳ ಮೇಲಿನ ಧೂಳು ಸುಟ್ಟು ಘಮ್ಮೆನ್ನುತ್ತಿತ್ತು, ಆಮೇಲೆ ಪೆಟ್ಟಿಗೆ ಒಂದು ಸಲ ಹೂಂ ಎನ್ನುತ್ತಿತ್ತು. ಮನೆಯವರೆಲ್ಲ ಅದಕ್ಕೆ ಡಬ್ಬಿ ಎಂದೇ ಹೆಸರಿಟ್ಟರು.

ಆ ವರ್ಷಗಳನ್ನು ಕಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ, ಕಾಣದವರಿಗೆ ಹೇಳಿ ಮುಗಿಯುವುದಿಲ್ಲ. ಮೃಗಶಿರಾ ಬಂದು ಹೋಯಿತು, ಮಳೆ ಬರಲಿಲ್ಲ, ಮರುವರ್ಷವೂ ಹಾಗೇ. ಅಡತಿಗೆ ಗಾಡಿಗಳು ಬರುವುದು ನಿಂತು ತಕ್ಕಡಿಯ ಪರಡಿಯಲ್ಲಿ ಬೆಕ್ಕು ಮಲಗತೊಡಗಿತು. ಸರಕಾರದ ಕೆಂಪು ಜೋಳದ ರೊಟ್ಟಿ ತಿಂದು ನಾನು ಅದರ ರುಚಿಯನ್ನೂ ಮುಖದಲ್ಲೇ ಅಣಕಿಸುತ್ತಿದ್ದೆ. ಮುತ್ಯಾ ಲಿಂಗಪೂಜೆಯನ್ನು ಒಂದು ಸೌಟು ನೀರಿನಲ್ಲಿ ಮುಗಿಸುತ್ತಿದ್ದ, ಆ ನೀರನ್ನು ಆಯಿ ಬಿಲ್ವದ ಗಿಡಕ್ಕೆ ಹಾಕುತ್ತಿದ್ದಳು. ಸಂಜೆಯಾದರೆ ಇನ್ನೊಂದು ಕಾಟ. ಸುತ್ತಲಿನ ಬಾವಿಗಳ ತಳದ ನೀರೆಳೆಯಲು ಪಂಪುಗಳೆಲ್ಲ ಒಟ್ಟಿಗೇ ಹೊರಡುತ್ತಿದ್ದವು. ಊರಿನ ಮುದಿ ಟ್ರಾನ್ಸ್‌ಫಾರ್ಮರ್ ಅಷ್ಟನ್ನು ತಾಳಲಾರದೆ ಬಸವಳಿಯುತ್ತಿತ್ತು. ಬಲ್ಬಿನೊಳಗಿನ ತಂತಿ ಕುಂಕುಮದ ಗೀರಿನಂತೆ ಕಾಣುತ್ತಿತ್ತೇ ಹೊರತು ಬೆಳಕು ಎನ್ನುವಂಥದ್ದು ಕೆಳಗೆ ಬೀಳುತ್ತಿರಲಿಲ್ಲ. ಆಯಿ ಜೋಳದಲ್ಲಿನ ಹರಳನ್ನು ಕಣ್ಣಿನಿಂದಲ್ಲ, ಬೆರಳಿನಿಂದ ಹುಡುಕಿ ತೆಗೆಯುತ್ತಿದ್ದಳು. ಕರೆಂಟಿನ ಜೋರಿಗೆ ನಮ್ಮಲ್ಲಿ ಲೈನು ಎನ್ನುವುದು; ಲೈನು ಕಮ್ಮಿ ಅದ, ಲೈನು ಕಮ್ಮಿ ಅದ ಎಂದು ಊರೆಲ್ಲ ಬೈಯುತ್ತಿತ್ತು.

ನಮ್ಮ ಮನೆಯಲ್ಲಿ ಪ್ಲಗ್ಗಿದ್ದದ್ದು ಮುತ್ಯಾನ ಕೋಣೆಯಲ್ಲಿ ಮಾತ್ರ. ಎರಡನೇ ಬೇಸಿಗೆಯ ಹೊತ್ತಿಗೆ ಮುತ್ಯಾನಿಗೆ ದಮ್ಮು ಹತ್ತಿ, ಅಂಗಡಿಗೆ ಇಳಿಯುವುದು ನಿಂತು, ಅದೇ ಕೋಣೆಯ ಹೊರಸಿನ ಮೇಲೆ ದಿಂಬಿಗೆ ಒರಗಿ ಕೂತಿರುತ್ತಿದ್ದ. ಅವನಿಗಾಗಿಯೇ ಅಪ್ಪ ಹಾಕಿಸಿದ ಫ್ಯಾನು ತಲೆಯ ಮೇಲೆ ಸಂಜೆಯ ಸೊರಗಿದ ಲೈನಿನಲ್ಲಿ ಘರ್… ಘರ್… ಎಂದು ಎಳೆದುಕೊಂಡು ತಿರುಗಿ, ಸುತ್ತಿಗೊಮ್ಮೆ ಟಕ್ ಎನ್ನುತ್ತಿತ್ತು. ಬೇರೆ ಪ್ಲಗ್ಗಿಲ್ಲದ ಕಾರಣ ಕಾಕಾ ಬೈಗುಳ ತಿನ್ನುವ ತಯಾರಿಯಲ್ಲೇ ಡಬ್ಬಿಯನ್ನು ಅಲ್ಲಿ ಇಟ್ಟ, ಚಾಪೆಯ ಮೇಲೆ ಕೂತ, ತಂತಿ ಮುಟ್ಟಿದ. ಅದರಿಂದ ಹೊರಟ ದನಿಯನ್ನು ಬರೆದು ತೋರಿಸುವುದು ಹೇಗೆ? ಬಾಯಿಂದಾದರೆ ಈಗಲೂ ಮಾಡಿ ತೋರಿಸಿಯೇನು. ಮೀಟಿದ ಕೂಡಲೇ ಸ್ವರ ಎದ್ದು ಬರುತ್ತಿರಲಿಲ್ಲ. ಮೊದಲು ತುಸು ಕುಸಿಯುತ್ತಿತ್ತು. ಆಮೇಲೆ, ಕೂತ ಮುದುಕ ಮೊಣಕಾಲಿನ ಮೇಲೆ ಕೈಯೂರಿ ಏಳುವ ಹಾಗೆ, ಮೆಲ್ಲಗೆ ತುಂಬಿಕೊಂಡು ನಿಲ್ಲುತ್ತಿತ್ತು. ಅಂಚುಗಳಲ್ಲಿ ಸಣ್ಣಗೆ ಒಡೆದ, ಆದರೆ ಎಲ್ಲೂ ಚುಚ್ಚದ ದನಿ. ಕಾಕಾ ತಾನೇ ಬೆಚ್ಚಿ ಕೈ ತೆಗೆದ. ನಾವೆಲ್ಲ ಮುತ್ಯಾನ ಮುಖ ನೋಡಿದೆವು. ಮುತ್ಯಾ ಬಹಳ ಹೊತ್ತು ಡಬ್ಬಿಯನ್ನೇ ನೋಡಿ, ಉಸಿರು ಕೂಡಿಸಿಕೊಂಡು, “ಇದಕ್ಕೂ ನನ್ನಂಗ ದಮ್ಮ ಹತ್ತ್ಯಾದಲ್ಲೋ,” ಎಂದ. ಮತ್ತೆ, “ಬಾರ್ಸು,” ಎಂದ. ಕಾಕಾನ ಜೀವಮಾನದಲ್ಲಿ ಅವನಪ್ಪ ಅವನನ್ನು ಹೊಗಳಿದ್ದು ಇಷ್ಟೇ, ಇದು ಹೊಗಳಿಕೆಯೇ ಆಗಿದ್ದರೆ. ಅಂದಿನಿಂದ ದಿನಾ ಸಂಜೆ ಬಾರಿಸಿದ. ಮುತ್ಯಾನ ಏದುಸಿರು, ಫ್ಯಾನಿನ ಟಕ್ಕು, ಗಿಟಾರು, ಇವು ಮೂರೂ ಒಂದೇ ತಾಳಕ್ಕೆ ಬಿದ್ದು ನಡೆಯುತ್ತಿದ್ದವು. ಆಯಿ ಹೊಸ್ತಿಲ ಹೊರಗೆ ಕೂತು ಹರಳು ಆರಿಸುತ್ತಿದ್ದಳು.

ಅಂಥದೊಂದು ಸಂಜೆ ಗಲ್ಲಿಯಲ್ಲಿ ಹೋಗುತ್ತಿದ್ದವರೊಬ್ಬರು ನಮ್ಮ ಕಿಟಕಿಯ ಕೆಳಗೆ ನಿಂತರು. ಉದಗೀರದ ಮಾಧವರಾವ್, ಸುತ್ತಲ ತಾಲೂಕುಗಳಲ್ಲಿ ಹೆಸರಿದ್ದ ಮದುವೆ ಆರ್ಕೆಸ್ಟ್ರಾದ ಯಜಮಾನರು. ಒಳಗೆ ಬಂದು, ಚಪ್ಪಲಿಯನ್ನೂ ಬಿಡದೆ ಪೂರ್ತಿ ಕೇಳಿ, ಆಮೇಲೆ ನೆನಪಾಗಿ ಹೊರಗೆ ಹೋಗಿ ಬಿಟ್ಟು ಬಂದರು. ಮಳೆಯಾಗಲಿ, ಮದುವೆಗಳು ಶುರುವಾಗಲಿ, ಈ ದನಿ ತೆಗೆದುಕೊಂಡು ಉದಗೀರಕ್ಕೆ ಬಾ, ನನ್ನ ಬಗಲಲ್ಲಿ ನಿನ್ನದೊಂದು ಕುರ್ಚಿ ಎಂದರು. ಕಾಕಾನ ಕಿವಿ ಕೆಂಪಾದವು. ಆಯಿ ಬೆರಳು ನಿಲ್ಲಿಸಿ, ಮಗನನ್ನಲ್ಲ, ಗಂಡನನ್ನು ನೋಡಿದಳು. ಮುತ್ಯಾ, “ಹೋಗ್ಲಿ ಬಿಡು. ಇಲ್ಲಿ ತೂಗಲಾಕ ಏನದ?” ಎಂದ. ಆಯಿ ಮತ್ತೆ ಹರಳು ಆರಿಸತೊಡಗಿದಳು. ಆ ಬೇಸಿಗೆ ಮುಗಿಯುವ ಮೊದಲೇ ಮುತ್ಯಾ ಹೋದ. ಮಧ್ಯಾಹ್ನದ ಹೊತ್ತು, ಬೀದಿಯಲ್ಲಿ ನೀರಿನ ಟ್ಯಾಂಕರ್ ಬಂದಿತ್ತು, ಅರ್ಧ ಮನೆ ಕೊಡ ಹಿಡಿದು ಹೊರಗಿತ್ತು. ಮಣ್ಣು ಮಾಡಿ ಬಂದ ಮೇಲೆ ಎಲ್ಲರೂ ಸ್ನಾನ ಮಾಡುವಷ್ಟು ನೀರು ಇರಲಿಲ್ಲ. ಅದನ್ನು ಆಯಿ ಬಹಳ ವರ್ಷ ಮರೆಯಲಿಲ್ಲ. ಕೋಣೆಯ ಫ್ಯಾನನ್ನು ಯಾರೋ ಆರಿಸಿದರು. ಮತ್ತೆ ಯಾರೂ ಹಚ್ಚಲಿಲ್ಲ.

ಆ ವರ್ಷ ಮಳೆ ಬಂತು. ಬಂದ ಮಳೆಯನ್ನು ಬೈಯುವಷ್ಟು ಬಂತು. ಮಾಧವರಾವ್ ಹೇಳಿಕಳಿಸಿದರು, ಕಾಕಾ ಡಬ್ಬಿಯನ್ನು ಕೌದಿಯಲ್ಲಿ ಸುತ್ತಿದ. ಒಬ್ಬನೇ ಹೋದರೆ ಅಲ್ಲೇ ಉಳಿದಾನು ಎಂದು ಆಯಿ ನನ್ನನ್ನು ಅವನ ಜೊತೆ ಕಟ್ಟಿದಳು. ಕಾಸಾರಶಿರಸಿ, ನಿಲಂಗಾ ಮೇಲಿಂದ ಬಸ್ಸು ಹೋಗುವಾಗ ರಸ್ತೆ ಇಲ್ಲದ ಕಡೆಯೂ ರಸ್ತೆ ಇದ್ದಂತೆ ಓಡಿತು. ಕಾಕಾ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಪ್ರತಿ ತಗ್ಗಿಗೂ ತಾನೇ ಎದ್ದು ಕೂತು ಪೆಟ್ಟನ್ನು ತನ್ನ ಮೈಗೆ ತೆಗೆದುಕೊಂಡ. ಉದಗೀರದಲ್ಲಿ ಆ ಸಂಜೆ ದೊಡ್ಡವರ ಮನೆಯ ಮದುವೆ. ಮಂಟಪದ ಹಿಂದೆ ಜನರೇಟರ್ ಗುಡುಗುತ್ತಿತ್ತು, ಬಲ್ಬುಗಳು ಕಣ್ಣಿಗೆ ಕುಕ್ಕುವಂತೆ ಉರಿಯುತ್ತಿದ್ದವು. ಅಂಥ ಬೆಳಕನ್ನು ಬಹಳ ದಿನಗಳ ಮೇಲೆ ಕಂಡ ನಾನು ನನ್ನ ಅಂಗಿಯ ಕೊಳೆ ನೋಡಿಕೊಂಡು ನಾಚಿದೆ. ವಾಲ್ವುಗಳು ಬೇಗ ಬೇಗ ಹತ್ತಿದವು. ಕಾಕಾ ಕಣ್ಣು ಮುಚ್ಚಿ ಮೊದಲ ಸ್ವರ ಜಾರಿಸಿದ. ತಟ್ಟೆಯ ಮೇಲೆ ಮೊಳೆ ಎಳೆದ ಹಾಗೆ ಕೇಳಿಸಿತು. ಗಟ್ಟಿಯಾಗಿತ್ತು, ಸ್ವಚ್ಛವಾಗಿತ್ತು, ಅದರಲ್ಲಿ ಯಾರೂ ಇರಲಿಲ್ಲ. ಮುದುಕ ಮೊಣಕಾಲಿಗೆ ಕೈಯೂರಲಿಲ್ಲ. ಹೊಡೆದ ಕೂಡಲೇ ಪೋಲೀಸನಂತೆ ಎದ್ದು ನಿಂತ. ಕಾಕಾ ಗುಂಡಿಗಳನ್ನೆಲ್ಲ ತಿರುಗಿಸಿದ. ಏನೂ ಆಗಲಿಲ್ಲ. ಮಾಧವರಾವ್ ಸಿಟ್ಟಾಗಲಿಲ್ಲ, ಅದೇ ಕಷ್ಟ. “ಆವಾಜ್ ಕುಠಂ ಗೇಲಾ, ಚಂದೂ?” ಎಂದರು, ದನಿ ಎಲ್ಲಿ ಹೋಯಿತು ಎಂದು. “ಬಸ್ಸಿನ್ಯಾಗ ಕುಲುಕ್ಯಾಡೇದ್ರೀ, ಒಳಗ ಏನೋ ಪೆಟ್ಟ ಬಿದ್ದದ,” ಎಂದ ಕಾಕಾ. ಸರಿಮಾಡಿಸಿಕೊಂಡು ಬಾ, ಮದುವೆಗಳು ಮತ್ತೆ ಶುರುವಾಗುವ ಮುಂದಿನ ವರ್ಷದ ತುಳಸಿ ಲಗ್ನದವರೆಗೆ ಕುರ್ಚಿ ಖಾಲಿ ಇಡುತ್ತೇನೆ ಎಂದು ಅವರು ಅವನ ಬೆನ್ನು ತಟ್ಟಿದರು. ವಾಪಸು ಬರುವಾಗ ಬಸ್ಸಿನಲ್ಲಿ ಕಾಕಾ ತಗ್ಗುಗಳಿಗೆ ಏಳಲಿಲ್ಲ.

ಉಮರ್ಗಾದಲ್ಲಿ ಇಳಿದು ನೋಡಿದರೆ ಬೀದಿಯೇ ಬೇರೆ. ನಾವು ಇಲ್ಲದಾಗ ಊರಿಗೆ ಹೊಸ ಟ್ರಾನ್ಸ್‌ಫಾರ್ಮರ್ ಬಂದು ಕೂತಿತ್ತು. ಮನೆಮನೆಯಲ್ಲೂ ಬಲ್ಬು ಬೆಳ್ಳಗೆ, ಜನ ಹಬ್ಬದಂತೆ ಕಟ್ಟೆಗಳ ಮೇಲೆ. ಅವ್ವ ಬೆಳಕಿನಲ್ಲಿ ಗೋಡೆಯ ಮೇಲಿನ ಮಸಿ ಕಂಡು ನಾಚಿ ಸುಣ್ಣ ಬಳಿಸಲು ಅಪ್ಪನ ಬೆನ್ನು ಹತ್ತಿದಳು. ಕಾಕಾ ಯಾವುದನ್ನೂ ನೋಡದೆ ಮುತ್ಯಾನ ಕೋಣೆಗೆ ಹೋಗಿ ಡಬ್ಬಿ ಹಚ್ಚಿದ. ಅದೇ ಮೊಳೆ, ಅದೇ ತಟ್ಟೆ. ಪೆಟ್ಟು ಬಿದ್ದದ್ದು ಅವನಿಗೆ ಖಾತ್ರಿಯಾಯಿತು. ಆ ರಾತ್ರಿ ಊರಿನಲ್ಲಿ ಅವನೊಬ್ಬನೇ ಕತ್ತಲಲ್ಲಿದ್ದ.

ಮರುದಿನದಿಂದ ರಾಳದ ವಾಸನೆ ಶುರುವಾಯಿತು. ಕಾಕಾ ಡಬ್ಬಿಯ ಹೊಟ್ಟೆ ಬಿಚ್ಚಿ ಮೊದಲು ಕಂಡೆನ್ಸರ್‌ಗಳನ್ನು ಬದಲಿಸಿದ. ದನಿ ಮೂಗಿನಲ್ಲಿ ಬಂತು. ಮತ್ತೆ ಬದಲಿಸಿದ, ಗಂಟಲಿಗೆ ಇಳಿಯಿತು, ಅಲ್ಲಿಂದ ಕೆಳಗೆ ಬರಲಿಲ್ಲ. ಸೊಲ್ಲಾಪುರದಿಂದ ಬೇರೆ ವಾಲ್ವು ತರಿಸಿದ. ಸ್ಪೀಕರಿನ ಹಿಂದೆ ಆಯಿಯ ಹಳೆಯ ಕೌದಿ ತುರುಕಿದ. ಕೌದಿಯೊಳಗಿಂದ ಯಾರನ್ನೋ ಹೂತಂತೆ ಕೇಳಿಸಿತು. ತೆಗೆದ. ಒಮ್ಮೆ ಸ್ವಿಚ್ ಆರಿಸಿದ ಡಬ್ಬಿಯೇ ಅವನನ್ನು ಹೊಡೆದು ಗೋಡೆಗೆ ಎಸೆಯಿತು. ಆರಿಸಿದ ಮೇಲೂ ಕಂಡೆನ್ಸರ್ ತನ್ನೊಳಗೆ ಕರೆಂಟು ಹಿಡಿದಿಟ್ಟುಕೊಂಡಿರುತ್ತದಂತೆ. ಎಲ್ಲಕ್ಕಿಂತ ದೊಡ್ಡ ತೊಡಕು ಬೇರೆ. ತಿದ್ದಬೇಕು ಸರಿ, ಯಾವ ದನಿಗೆ ತಿದ್ದಬೇಕು? ನಮ್ಮಲ್ಲಿ ಟೇಪು ಇರಲಿಲ್ಲ. ಹಳೆಯ ದನಿ ಉಳಿದದ್ದು ಇಡೀ ಭೂಮಿಯ ಮೇಲೆ ಒಂದೇ ಕಡೆ, ನನ್ನ ಬಾಯಲ್ಲಿ. ಹಾಗಾಗಿ ಶಾಲೆ ಬಿಟ್ಟು ಬಂದ ಕೂಡಲೇ ಕಾಕಾ ನನ್ನನ್ನು ಡಬ್ಬಿಯ ಪಕ್ಕ ಕೂಡಿಸುತ್ತಿದ್ದ. “ಮಾಡಲೇ ಬಾಬ್ಯಾ.” ನಾನು ತುಟಿ ಮುಂದೆ ಮಾಡಿ, ಗಂಟಲನ್ನು ಕೆಳಕ್ಕೆ ಬಿಟ್ಟು, ಉಂವ್‌… ಎಂದು ಕುಸಿದು ಏಳುತ್ತಿದ್ದೆ. ಅವನು ತಂತಿ ಜಾರಿಸಿ ಹೋಲಿಸುತ್ತಿದ್ದ. ಮತ್ತೆ ನಾನು, ಮತ್ತೆ ಅವನು. ಶಾಲೆಯ ಹುಡುಗನೊಬ್ಬ ಹೀಗೆ ಹಾಡುವ ಪೆಟ್ಟಿಗೆಗೆ ಪಾಠ ಹೇಳಿಕೊಡುವುದನ್ನು ನೋಡಲು ಅಂಗಡಿಯ ಹಮಾಲರು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಜನ ಸೇರಿದರೆ ನನ್ನ ತಲೆ ನಿಲ್ಲುತ್ತದೆಯೇ? ಉಂವ್‌… ಎಂದ ಮೇಲೆ, ತಪ್ಪದೇ, ಘರ್… ಘರ್… ಟಕ್, ಎಂದು ಮುತ್ಯಾನ ಫ್ಯಾನನ್ನೂ ಸೇರಿಸುತ್ತಿದ್ದೆ. ಹೋ ಎಂದು ನಗು. “ಫ್ಯಾನ್ ಬ್ಯಾಡೋ ಮಂಗ್ಯಾ, ಡಬ್ಬಿ ಅಷ್ಟ ಮಾಡು,” ಎಂದು ಕಾಕಾ ತಲೆಗೆ ಮೊಟಕುತ್ತಿದ್ದ. ನನಗೆ ಅವೆರಡನ್ನು ಬಿಡಿಸಿ ಮಾಡಲು ಬರುತ್ತಲೇ ಇರಲಿಲ್ಲ. ಹಾಗೇ ಕೇಳಿದ್ದೆ, ಹಾಗೇ ಬರುತ್ತಿತ್ತು. ನಗುವವರಲ್ಲಿ ಆಯಿ ಇರುತ್ತಿರಲಿಲ್ಲ. ಟಕ್ ಎಂದಾಗ ಆಕೆಯ ಕೈ ಮೊರದಲ್ಲಿ ಒಂದು ಗಳಿಗೆ ನಿಲ್ಲುತ್ತಿತ್ತು.

ಕೊನೆಗೆ ಡಬ್ಬಿಯನ್ನು ನಿಲಂಗಾದ ಮಸ್ತಾನ್ ಮಿಸ್ತ್ರಿಯ ಹತ್ತಿರ ಒಯ್ದೆವು. ರೇಡಿಯೋ ರಿಪೇರಿಯಲ್ಲಿ ಆತನನ್ನು ಮೀರಿಸುವವರಿಲ್ಲ ಎಂದು ಊರು ಹೇಳುತ್ತಿತ್ತು, ಊರಿಗೆ ಅದನ್ನು ಹೇಳಿದವನು ಆತನೇ. ಬಾಯಿ ತುಂಬ ಎಲೆಅಡಿಕೆ, ಕಿವಿಯ ಮೇಲೆ ಪೆನ್ಸಿಲು. ನಾನು ದನಿ ಮಾಡಿ ತೋರಿಸಿದೆ. ಮಿಸ್ತ್ರಿ ವೈದ್ಯರಂತೆ ತಲೆದೂಗಿ, “ಸಮಝ್ ಗಯಾ. ಇದರ ದಿಲ್ ಕಮಜೋರ್ ಆಗ್ಯಾದ ಚಂದೂಭಾಯ್, ತಾಕತ್ ಕೊಡಬೇಕು,” ಎಂದ. ಕಾಕಾ ನಿಧಾನವಾಗಿ, “ಮಿಸ್ತ್ರಿ, ಮೊದಲ ಉಮರ್ಗಾದಾಗ ಸಂಜಿಕ ಲೈನ್ ಭಾಳ ಕಮ್ಮಿ ಇರ್ತಿತ್ತು, ಅದರಿಂದ ಏನರ ವಾಲ್ವಿಗಿ ಧಕ್ಕಾ ಆಗಿರಬಹುದೇನು?” ಎಂದು ಕೇಳಿದ. ನೋಡಿ, ಉತ್ತರದ ಬಾಗಿಲಿನವರೆಗೂ ಬಂದಿದ್ದ. ಮಿಸ್ತ್ರಿ ಎಲೆಅಡಿಕೆ ಉಗುಳಿ ಬಂದು, “ಆಗ ಕಮ್ಮಿ ಲೈನಿನ್ಯಾಗೂ ಛಲೋ ಬಾರಿಸ್ತಿತ್ತು ಅಂದ್ರ, ಈಗ ಛಲೋ ಲೈನಿನ್ಯಾಗ ಇನ್ನೂ ಛಲೋ ಬಾರಿಸಬೇಕಲ್ಲಪ್ಪಾ?” ಎಂದ. ನಮ್ಮಂಥ ಊರುಗಳಲ್ಲಿ ಹುಟ್ಟಿದ ಯಾರಿಗೂ ಇದು ತಪ್ಪೆಂದು ತೋಚಲಾರದು. ಹುಟ್ಟಿದಾಗಿನಿಂದ ಕಮ್ಮಿ ಲೈನನ್ನು ಬೈದು ಬೆಳೆದವರು ನಾವು; ಆ ಕಮ್ಮಿಯಿಂದ ಒಂದು ಒಳ್ಳೆಯದು ಹುಟ್ಟೀತೆಂದು ನಂಬುವುದಾದರೂ ಹೇಗೆ? ಕಾಕಾ ಹೌದೆಂದು ತಲೆಯಾಡಿಸಿದ. ಮಿಸ್ತ್ರಿ ತಾಕತ್ತು ಕೊಟ್ಟ. ಮೊಳೆಯ ಬದಲು ಕೊಡಲಿಯಿಂದ ತಟ್ಟೆ ಎಳೆದಂತಾಯಿತು.

ಈಗ ಆ ಮನೆ ಇಲ್ಲ. ಅಣ್ಣತಮ್ಮಂದಿರು ಬೇರೆಯಾದರು, ಅಂಗಡಿ ಮಾರ್ಕೆಟ್ ಯಾರ್ಡಿಗೆ ಹೋಯಿತು, ಅಂಗಳದ ಕಲ್ಲುಗಳನ್ನು ಎಬ್ಬಿಸಿ ಯಾರೋ ಲಾಡ್ಜು ಕಟ್ಟಿದರು. ಬಾವಿ ಇದ್ದಲ್ಲಿ ಮೋಟಾರ್‌ಸೈಕಲ್ಲು ನಿಲ್ಲಿಸುತ್ತಾರೆ. ಅಪ್ಪ ಅವ್ವ ಹೋದರು, ಆಯಿ ಹೋಗಿ ಎಷ್ಟೋ ಕಾಲವಾಯಿತು. ಮಸ್ತಾನ್ ಮಿಸ್ತ್ರಿಯ ಅಂಗಡಿಯನ್ನು ಕೇಳಿದರೆ ನಿಲಂಗಾದಲ್ಲಿ ಈಗ ಯಾರಿಗೂ ಗೊತ್ತಿಲ್ಲ. ಇವರೆಲ್ಲರ ದನಿಗಳು ನನ್ನ ಗಂಟಲಲ್ಲಿವೆ, ಆದರೆ ಮೊದಲಿನ ಹಾಗೆ ಸರಾಗವಾಗಿ ಏಳುವುದಿಲ್ಲ. ಕೂತಲ್ಲಿಂದ ಕೈಯೂರಿ ಏಳುತ್ತವೆ. ಮಾಡಿ ತೋರಿಸಿದರೂ ಹೌದು ಹಾಗೇ ಇತ್ತು ಎನ್ನುವವರು ಉಳಿದಿಲ್ಲ. ಅಣಕುಗಾರನಿಗೆ ಬರುವ ಮುಪ್ಪು ಇದು: ಅಸಲಿ ಹೋಗಿಬಿಟ್ಟು ನಕಲಿ ಮಾತ್ರ ಉಳಿಯುತ್ತದೆ.

ಡಬ್ಬಿ ತಿದ್ದುವುದರಲ್ಲೇ ಮರುವರ್ಷದ ದೀಪಾವಳಿಯೂ ಕಳೆಯಿತು. ತುಳಸಿ ಲಗ್ನ ಹತ್ತಿರ ಬಂತು. ಮಾಧವರಾವ್ ಹೇಳಿಕಳಿಸಿದರು: ಬೇರೆ ಹುಡುಗನೊಬ್ಬ ಸಿಕ್ಕಿದ್ದಾನೆ, ನಿನ್ನದು ಏನು? ಕಾಕಾ ಉತ್ತರ ಕಳಿಸಲಿಲ್ಲ. ಮರುದಿನ ಬೆಳಿಗ್ಗೆ ಮುತ್ಯಾನ ಕರಿ ಟೊಪ್ಪಿಗೆ ತಲೆಗಿಟ್ಟುಕೊಂಡು ಅಡತಿಯ ಗಾದಿಯ ಮೇಲೆ ಕೂತ. ಗಿಟಾರಿಗೆ ಗವಸು ಹಾಕಿ ಅಟ್ಟಕ್ಕೆ ಏರಿಸಿಯಾಗಿತ್ತು. ದಿನವಿಡೀ ಅವನು ಕಾಳನ್ನು ಹಲ್ಲಿಗೆ ಒತ್ತಿ ನೋಡಿದ, ಯಾವ ಊರಿನದು ಎಂದು ಹೇಳಲಿಲ್ಲ. ಕೊನೆಯ ಮಗ ಮನೆಯಲ್ಲೇ ಉಳಿದ. ಆಯಿಗೆ ಬೇಕಾದದ್ದೂ ಅದೇ ಎಂದು ನಾವೆಲ್ಲ ತಿಳಿದಿದ್ದೆವು. ಆಕೆ ಅಡುಗೆಮನೆಯ ಬಾಗಿಲಿನಿಂದ ಆಗಾಗ ಅಂಗಡಿಯ ಕಡೆ ನೋಡುತ್ತಿದ್ದಳು. ಟೊಪ್ಪಿಗೆಯ ಕೆಳಗಿನ ಆ ಮುಖದಲ್ಲಿ ಏನು ಕಂಡಳೋ.

ಸಂಜೆ ಕಾಕಾ ಟೊಪ್ಪಿಗೆ ಗೂಟಕ್ಕೆ ಹಾಕಿ ಅಂಗಳದ ಕಟ್ಟೆಯ ಮೇಲೆ ಕೂತಿದ್ದ. ಆಯಿ ಮೊರ ಕೆಳಗಿಟ್ಟು ನನ್ನನ್ನು ಕರೆದಳು.

“ಬಾಬ್ಯಾ, ಆ ಡಬ್ಬಿ ದನಿ ಮಾಡು.”

“ಬ್ಯಾಡ ಬಿಡು ಆಯಿ,” ಎಂದ ಕಾಕಾ, ತಲೆ ಎತ್ತದೆ.

“ನಿನಗ ಕೇಳಿಲ್ಲ ನಾ. ಮಾಡೋ.”

ಮಾಡಿದೆ. ಉಂವ್‌… ಎಂದು ಕುಸಿದು ಎದ್ದು ನಿಲ್ಲಿಸಿದೆ. ಫ್ಯಾನು ಬಾಯಿಯ ತುದಿಗೆ ಬಂದದ್ದನ್ನು ನುಂಗಿಕೊಂಡೆ.

“ಪೂರಾ ಮಾಡು.”

ಘರ್… ಘರ್… ಟಕ್. ಯಾರೂ ನಗಲಿಲ್ಲ.

“ಟಕ್ ಅನ್ನೂದು ಏನದು?”

“ಮುತ್ಯಾನ ಫ್ಯಾನ್, ಆಯಿ.”

“ಹೋಗಿ ಹಚ್ಚು ಅದನ್ನ.”

ಮುತ್ಯಾ ಹೋದ ಮೇಲೆ ಆ ಸ್ವಿಚ್ಚನ್ನು ಯಾರೂ ಮುಟ್ಟಿರಲಿಲ್ಲ. ಒತ್ತಿದೆ. ಫ್ಯಾನು ಒಮ್ಮೆ ನಡುಗಿ, ಮರುಗಳಿಗೆ ಬಿರ್ರನೆ ಗಾಳಿಯಾಗಿ, ಒಂದೂವರೆ ವರ್ಷದ ಧೂಳನ್ನು ನಮ್ಮ ತಲೆಯ ಮೇಲೆ ಸುರಿಯಿತು. ಘರ್ ಇಲ್ಲ. ಟಕ್ ಇಲ್ಲ. ಹೊರಸಿನ ಮೇಲಿನ ಬರಿಯ ಚಾಪೆಯ ತುದಿ ಪಟಪಟ ಎಂದಿತು. ಕಾಕಾ ಬಾಗಿಲಿಗೆ ಬಂದು ನಿಂತು ಮೇಲೆ ನೋಡಿದ. ಫ್ಯಾನು ನೋಡಿದ, ಕುಕ್ಕುವ ಬಲ್ಬು ನೋಡಿದ, ನನ್ನ ಬಾಯಿ ನೋಡಿದ.

“ಲೈನ್…” ಎಂದ. “ಅಯ್ಯಯ್ಯೋ, ಲೈನ್!”

ಆಮೇಲೆ ಅವನ ಕೈಗೆ ಬಂದ ಚುರುಕನ್ನು ನಾನು ಮತ್ತೆಂದೂ ಕಾಣಲಿಲ್ಲ. ಮಿಸ್ತ್ರಿ ಕೊಟ್ಟ ತಾಕತ್ತನ್ನೆಲ್ಲ ಕಿತ್ತ, ತಾನು ಹಾಕಿದ್ದನ್ನೂ ಕಿತ್ತ, ಹಳೆಯ ಸಾಮಾನನ್ನೆಲ್ಲ ಮೊದಲಿದ್ದಲ್ಲೇ ಬೆಸೆದ. ಎಲ್ಲ ಮುಗಿಯುವಾಗ ಇನ್ನೊಂದು ಸಂಜೆಯಾಗಿತ್ತು. ಡಬ್ಬಿಗೆ ಹೋಗುವ ತಂತಿಯನ್ನು ನಡುವೆ ಕತ್ತರಿಸಿ, ಅಲ್ಲೊಂದು ಹೋಲ್ಡರ್ ಸೇರಿಸಿ, ದೊಡ್ಡ ಬಲ್ಬು ಸಿಕ್ಕಿಸಿದ. ಕರೆಂಟು ಆ ಬಲ್ಬನ್ನು ದಾಟಿಕೊಂಡೇ ಡಬ್ಬಿಗೆ ಹೋಗಬೇಕು, ದಾಟುವುದರೊಳಗೆ ಅರ್ಧ ಸುಸ್ತಾಗಬೇಕು. ಮುಂದೆ ಉದಗೀರದ ಮದುವೆಗಳಲ್ಲಿ ಅವನ ಬಗಲಿಗೆ ಉರಿಯುತ್ತಿದ್ದ ಆ ಕೆಂಪು ಬಲ್ಬನ್ನು ಜನ ಅಲಂಕಾರವೆಂದು ತಿಳಿಯುತ್ತಿದ್ದರು, ಮಾಧವರಾವ್ ಕೊನೆಯವರೆಗೂ ಅದಕ್ಕೆ ಹೂವಿನ ಹಾರ ಹಾಕಿಸುತ್ತಿದ್ದರು. ಆ ಸಂಜೆ ಅದು ಕುಂಕುಮದ ಗೀರಿನಂತೆ ಹತ್ತಿತು. ವಾಲ್ವುಗಳು ತಡವಾಗಿ ಕೆಂಪಾದವು. ಕಾಕಾ ಗವಸು ಬಿಚ್ಚಿ, ಚಾಪೆಯ ಮೇಲೆ ಅದೇ ಜಾಗದಲ್ಲಿ ಕೂತು, ಉಕ್ಕಿನ ತುಂಡನ್ನು ಜಾರಿಸಿದ. ಸ್ವರ ತುಸು ಕುಸಿಯಿತು. ಆಮೇಲೆ ಮೊಣಕಾಲಿನ ಮೇಲೆ ಕೈಯೂರಿ ಎದ್ದಿತು.

ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಅಪ್ಪ ಅಂಗಡಿಯಿಂದ ಬರಿಗಾಲಲ್ಲಿ ಬಂದು ನಿಂತ. ಆ ಒಂದು ಸಲ ನಾನು ಟಕ್ ಎನ್ನಲಿಲ್ಲ. ಆಯಿ ಹೊಸ್ತಿಲ ಹೊರಗೆ ತನ್ನ ಜಾಗದಲ್ಲಿ ಕೂತು, ಡಬ್ಬಿಯನ್ನಲ್ಲ, ಬರಿದಾದ ಹೊರಸನ್ನು ನೋಡುತ್ತಿದ್ದಳು. ಆಕೆಗೆ ಇದು ಯಾವತ್ತಿನಿಂದ ಗೊತ್ತಿತ್ತೋ, ಎಷ್ಟು ದಿನ ಗೊತ್ತಿದ್ದೂ ಬಿಡದೆ ಹಿಡಿದುಕೊಂಡಿದ್ದಳೋ, ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಕಾಕಾ ಮಾತ್ರ ಹಿಗ್ಗಿನಲ್ಲಿ ಕುರುಡಾಗಿದ್ದ.

“ಸಿಕ್ತು ಆಯಿ! ಇನ್ನ ಲೈನ್ ಎಷ್ಟರ ಛಲೋ ಇರ್ಲಿ, ಬೇಕಂದಾಗ ಬರಾ ಹಚ್ಚಬಹುದು, ಬ್ಯಾಡಂದಾಗ ಆರಿಸಬಹುದು. ಉದಗೀರ ಹಾಳಾಗ್ಲಿ, ನಾ ಎಲ್ಲೂ ಹೋಗಂಗಿಲ್ಲ. ದಿನಾ ಸಂಜಿಕ ಇಲ್ಲೇ ಕುಂತು ನಿನಗ ಬಾರಿಸ್ತೀನಿ.”

ಆಯಿ ಮೊರ ಎತ್ತಿಕೊಂಡು ಎದ್ದಳು.

“ನನಗ ಒಂದು ಬರಾ ಸಾಕಾತಪ್ಪಾ ಚಂದೂ. ಇದನ್ನ ನೀ ಉದಗೀರಕ ಒಯ್ದು ಬಾರ್ಸು.”